ಖಾಲಿ ಕೇಸನ್ನು ಎಸೆಯುವುದು ಯಾರು? ವಿಂಚೆಸ್ಟರ್ 1873, ಒಂದು ವಿಮರ್ಶೆ

ಹಳೆಯ ಲಿವರ್ ರೈಫಲ್ (ಟ್ರಿಗರಿನ ಸುತ್ತಲಿನ ಲಿವರನ್ನು ಆಡಿಸಿ ತೋಟಾ ಬದಲಿಸುವಂಥದ್ದು) ಕೈಗೆ ಬಂದ ಕೂಡಲೇ ಹೆಚ್ಚಿನವರು ನಳಿಗೆಗೆ ಕಣ್ಣಿಟ್ಟು ಒಳಗಿನ ಸುರುಳಿ ಗೆರೆ ನೋಡುತ್ತಾರೆ. ಆಮೇಲೆ ಮರದ ಬಣ್ಣ, ಮೇಲಿನ ಅಚ್ಚು, ಕ್ರಮಸಂಖ್ಯೆ. ವಿಂಚೆಸ್ಟರ್ 1873ರಲ್ಲಿ ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅದರ ಹೊಟ್ಟೆಯೊಳಗಿನ ಹಿತ್ತಾಳೆಯ ಒಂದು ಗಟ್ಟಿಯನ್ನು. ಅದರ ಹೆಸರು ಕ್ಯಾರಿಯರ್. ತೋಟಾಗಳನ್ನು ತುಂಬಿಡುವ ಮ್ಯಾಗಜಿನ್ ಕೊಳವೆಯಿಂದ ಬಂದ ಹೊಸ ತೋಟಾವನ್ನು ಚೇಂಬರಿನ, ಅಂದರೆ ತೋಟಾ ಕೂತು ಹಾರುವ ನಳಿಗೆಯ ಹಿಂತುದಿಯ, ಎತ್ತರಕ್ಕೆ ಏರಿಸುವುದು ಅದರ ಕೆಲಸ ಎಂದು ಎಲ್ಲರಿಗೂ ಗೊತ್ತು. ಹಾರಿಸಿದ ಮೇಲೆ ಉಳಿಯುವ ಖಾಲಿ ಕೇಸನ್ನು (ತೋಟಾದ ಹಿತ್ತಾಳೆ ಕೋಶವನ್ನು) ಹೊರಗೆ ಎಸೆಯುವುದೂ ಅದೇ ಎಂಬುದು ಕೊಳ್ಳುವವರ ಗಮನಕ್ಕೆ ಬರುವುದು ಕಡಿಮೆ.

ಈ ರೈಫಲಿನಲ್ಲಿ ಕೇಸನ್ನು ಹೊರಗೆಸೆಯುವ ಎಜೆಕ್ಟರ್ ಎಂಬ ಬೇರೆ ಭಾಗವೇ ಇಲ್ಲ. ಬಿಡಿಭಾಗಗಳ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಇರುವುದು ಎಕ್ಸ್‌ಟ್ರಾಕ್ಟರ್ ಮಾತ್ರ: ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ನೆತ್ತಿಯ ಮೇಲೆ ಒಂದು ಪಿನ್ನಿನಿಂದ ಕೂರಿಸಿದ ಉಕ್ಕಿನ ಕೊಕ್ಕೆ. ಕೇಸಿನ ರಿಮ್ಮನ್ನು, ಅಂದರೆ ತಳದ ಅಂಚನ್ನು, ಅದು ಮೇಲಿನಿಂದ ಹಿಡಿದುಕೊಂಡು ಹಿಂದಕ್ಕೆ ಎಳೆದು ತರುತ್ತದೆ, ಅಷ್ಟೇ. ಹೊರಗೆ ಹಾಕುವುದು ಅದರ ಕೆಲಸವಲ್ಲ.

ಲಿವರನ್ನು ಮುಂದಕ್ಕೆ ತಳ್ಳತೊಡಗಿದಾಗ ಬೋಲ್ಟಿನ ಹಿಂದೆ ನೆಟ್ಟಗೆ ನಿಂತಿದ್ದ ಟಾಗಲ್ ಕೊಂಡಿಗಳು ಮೊಣಕಾಲಿನ ಹಾಗೆ ಮಡಚಿಕೊಳ್ಳುತ್ತವೆ. ನೆಟ್ಟಗಿರುವ ಮೊಣಕಾಲು ಮಡಚತೊಡಗುವ ಮೊದಲ ಕ್ಷಣದಲ್ಲಿ ಬೋಲ್ಟ್ ಸರಿಯುವುದು ಕೂದಲೆಳೆಯಷ್ಟು, ಆದರೆ ಎಳೆಯುವ ಬಲ ಬಹಳ. ಚೇಂಬರಿನ ಗೋಡೆಗೆ ಒತ್ತಿಕೊಂಡ ಕೇಸನ್ನು ಸಡಿಲಿಸಲು ಬೇಕಾದದ್ದು ಅದೇ. ಕೇಸು ಸಡಿಲವಾದ ಮೇಲೆ ಬಲದ ಅಗತ್ಯ ಕಡಿಮೆ, ವೇಗದ ಅಗತ್ಯ ಹೆಚ್ಚು. ಮೊಣಕಾಲು ಮಡಚಿದಷ್ಟೂ ಬೋಲ್ಟ್ ಬೇಗ ಬೇಗ ಹಿಂದಕ್ಕೆ ಓಡುತ್ತದೆ. ಓಡುತ್ತಾ ಹ್ಯಾಮರನ್ನೂ ಹಿಂದಕ್ಕೆ ಮಲಗಿಸುತ್ತದೆ. ಈ ಹೊತ್ತಿಗೆಲ್ಲ ಕ್ಯಾರಿಯರ್ ಕೆಳಗೇ ಇದೆ, ಹೊಸ ತೋಟಾವನ್ನು ಹೊಟ್ಟೆಯಲ್ಲಿಟ್ಟುಕೊಂಡು. ಖಾಲಿ ಕೇಸು ಅದರ ತಲೆಯ ಮೇಲಿಂದ ಜಾರಿಕೊಂಡು ಹಿಂದಕ್ಕೆ ಬರುತ್ತದೆ.

ಲಿವರಿನ ದಾರಿ ಮುಗಿಯುವ ಹೊತ್ತಿಗೆ ಅದು ಕ್ಯಾರಿಯರಿನ ತೋಳನ್ನು ತಟ್ಟುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಗಟ್ಟಿ ಒಮ್ಮೆಲೇ ಮೇಲಕ್ಕೆ ಜಿಗಿದು, ಮೇಲೆ ಮಲಗಿರುವ ಖಾಲಿ ಕೇಸನ್ನು ಅಡಿಯಿಂದ ಗುದ್ದುತ್ತದೆ. ರಿಮ್ ಕೊಕ್ಕೆಯಲ್ಲಿ ಸಿಕ್ಕಿರುವುದರಿಂದ ಕೇಸಿನ ಬಾಯಿ ಮೊದಲು ಮೇಲೇಳುತ್ತದೆ, ತಿರುಗುತ್ತದೆ, ಕೊಕ್ಕೆಯಿಂದ ಬಿಡಿಸಿಕೊಂಡು ಚಿಮ್ಮುತ್ತದೆ. ಅದೇ ಚಲನೆಯಲ್ಲಿ ಹೊಸ ತೋಟಾ ಬೋಲ್ಟಿನ ಮುಂದೆ ಬಂದು ನಿಂತಿರುತ್ತದೆ. ಹಳೆಯದನ್ನು ಎಸೆದವನೇ ಹೊಸದನ್ನು ಹೊತ್ತು ತಂದಿರುತ್ತಾನೆ. ಮ್ಯಾಗಜಿನ್ ಖಾಲಿಯಾಗಿದ್ದರೂ ಗಟ್ಟಿ ಏರಿಯೇ ಏರುತ್ತದೆ, ಆದ್ದರಿಂದ ಕೊನೆಯ ಕೇಸೂ ಒಳಗೆ ಉಳಿಯುವುದಿಲ್ಲ. ಒಂದು ತೋಟಾದ ತೂಕ, ಅಂದರೆ ಸುಮಾರು 20 ಗ್ರಾಂ, ಕಡಿಮೆ ಇರುವ ಗಟ್ಟಿ ಇನ್ನೂ ಹಗುರವಾಗಿಯೇ ಮೇಲೆ ಬರುತ್ತದೆ.

ಇದು 1873ರಲ್ಲಿ ಹುಟ್ಟಿದ ಉಪಾಯವಲ್ಲ. 1860ರ ಹೆನ್ರಿ ರೈಫಲಿನಲ್ಲಿ ಬಂದದ್ದು 1866ರ ಹಿತ್ತಾಳೆ ಮೈಯ ವಿಂಚೆಸ್ಟರಿನಲ್ಲಿ ಮುಂದುವರಿದು, 1873ರಲ್ಲಿ ಕಬ್ಬಿಣದ ಮೈಗೂ .44-40 ತೋಟಾಕ್ಕೂ ಹೊಂದಿಕೊಂಡಿತು. ಮೊದಲಿನ ಎರಡರಲ್ಲೂ ಮೇಲ್ಭಾಗ ಬಯಲು. 1873ರಲ್ಲಿ ಹಳಿಯ ಮೇಲೆ ಜಾರುವ ಧೂಳುಮುಚ್ಚಳ ಸೇರಿತು. ಮೊದಲ ಬಾರಿ ಲಿವರ್ ತಳ್ಳಿದಾಗ ಬೋಲ್ಟೇ ಅದನ್ನು ಹಿಂದಕ್ಕೆ ತಳ್ಳಿಬಿಡುತ್ತದೆ, ಕೈಯಿಂದ ಮುಚ್ಚುವ ತನಕ ಅದು ತೆರೆದೇ ಇರುತ್ತದೆ. ಆದ್ದರಿಂದ ಮುಚ್ಚಳ ಮುಚ್ಚಿದ್ದರೆ ಕೇಸು ತಲೆ ಬಡಿದುಕೊಳ್ಳುತ್ತದೆಯೇ ಎಂಬ ಹೆದರಿಕೆ ಬೇಡ. ಮುಚ್ಚಳ ಅರ್ಧಕ್ಕೇ ಬಿಗಿಹಿಡಿದುಕೊಂಡರೆ ಮಾತ್ರ ಕಷ್ಟ. ಹಳಿಯಲ್ಲಿ ತುಕ್ಕು ಅಥವಾ ಒಣಗಿದ ಎಣ್ಣೆಯ ಜಿಗುಟು ಇದ್ದಾಗ ಹೀಗಾಗುತ್ತದೆ.

ಕೈಯ ಪಾತ್ರ

ಎಸೆತದ ಬಲವೆಲ್ಲ ಬರುವುದು ಲಿವರ್ ತಳ್ಳುವ ಕೈಯಿಂದ. ಕೂಡಿಟ್ಟ ಸ್ಪ್ರಿಂಗಿನ ಬಲ ಇಲ್ಲಿಲ್ಲ. ನಿಧಾನವಾಗಿ, ಜತನದಿಂದ ಲಿವರ್ ತೆರೆದರೆ ಖಾಲಿ ಕೇಸು ಗಟ್ಟಿಯ ಮೇಲೆ ಏರಿ ಬಂದು ಅಲ್ಲೇ ಮಲಗುತ್ತದೆ. ರೈಫಲನ್ನು ಪಕ್ಕಕ್ಕೆ ವಾಲಿಸಿದರೆ ಉರುಳಿ ಬೀಳುತ್ತದೆ. ಹೊಸಬರು ಇದನ್ನು ದೋಷ ಎಂದುಕೊಂಡು ರಿಪೇರಿಗೆ ಕೊಡುತ್ತಾರೆ. ದೋಷವಲ್ಲ, ಅದರ ಸ್ವಭಾವವೇ ಹಾಗೆ. ಕೇಸುಗಳನ್ನು ಮತ್ತೆ ತುಂಬಿ ಬಳಸುವವರಿಗಂತೂ ಇದು ವರವೇ: ಹುಲ್ಲಿನಲ್ಲಿ ಹುಡುಕುವ ಕೆಲಸವಿಲ್ಲ. ರಭಸದಿಂದ ತಳ್ಳಿದರೆ ಅದೇ ಕೇಸು ನೇರ ಮೇಲಕ್ಕೆ ಹಾರಿ ಟೋಪಿಯ ಅಂಚಿಗೋ ಹೆಗಲಿಗೋ ಬೀಳುತ್ತದೆ. ಬಿಸಿ ಹಿತ್ತಾಳೆ ಕಾಲರಿನೊಳಗೆ ಇಳಿದಾಗ ಕುಣಿಯಬೇಕಾಗುತ್ತದೆ. ಆ ಕುಣಿತದಲ್ಲಿ ನಳಿಗೆ ಎತ್ತ ತಿರುಗುತ್ತದೆ ಎಂಬುದೇ ನಿಜವಾದ ಅಪಾಯ. ಕನ್ನಡಕ, ಅಂಚಿರುವ ಟೋಪಿ, ಮುಚ್ಚಿದ ಕಾಲರು ಇದ್ದರೆ ಸಾಕು.

ದೊಡ್ಡ ತಪ್ಪು ಅರ್ಧ ಲಿವರ್. ದಾರಿಯ ಕೊನೆಯ ತುಂಡನ್ನು ಬಿಟ್ಟು ಲಿವರನ್ನು ಹಿಂದಕ್ಕೆ ಎಳೆದರೆ ಗಟ್ಟಿ ಏಳುವುದೇ ಇಲ್ಲ. ರಿಮ್ ಇನ್ನೂ ಕೊಕ್ಕೆಯಲ್ಲಿದೆ, ಬೋಲ್ಟ್ ಅದೇ ಖಾಲಿ ಕೇಸನ್ನು ಶಿಸ್ತಾಗಿ ಚೇಂಬರಿಗೆ ವಾಪಸು ತಳ್ಳುತ್ತದೆ. ಹ್ಯಾಮರ್ ಏರಿದೆ, ಲಿವರ್ ಮುಚ್ಚಿದೆ, ಟ್ರಿಗರ್ ಒತ್ತಿದರೆ ಬರಿ ‘ಟಕ್’. ಮದ್ದು ಕೆಟ್ಟಿದೆ ಎಂದು ತೋಟಾವನ್ನು ಬೈಯುವವರು ಹೊರಬಿದ್ದ ಕೇಸಿನ ತಳ ನೋಡಿದರೆ ಅಲ್ಲಿ ತೋಟಾಕ್ಕೆ ಬಡಿಯುವ ಪಿನ್ನಿನ ಎರಡು ಗುರುತು ಕಾಣುತ್ತದೆ. ಆದರೆ ಆ ಪರೀಕ್ಷೆಗೆ ಅವಸರ ಬೇಡ. ‘ಟಕ್’ ಎಂದಾಗ ನಿಜಕ್ಕೂ ತಡವಾಗಿ ಹೊತ್ತುವ ತೋಟಾ ಒಳಗಿರಬಹುದು. ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ತೆರೆಯಬೇಕು.

ತೋಟಾವೂ ಯಂತ್ರದ ಒಂದು ಭಾಗ

.44-40ರ ಕೇಸು 33 ಮಿ.ಮೀ. ಉದ್ದ, ಗುಂಡು ಕೂರಿಸಿದ ಇಡೀ ತೋಟಾ ಸುಮಾರು 40.4 ಮಿ.ಮೀ. ಈ ಎರಡನೆಯ ಅಳತೆಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಏಕೆಂದರೆ ಮ್ಯಾಗಜಿನ್ನಿನಿಂದ ಒಂದು ಸಲಕ್ಕೆ ಒಂದೇ ತೋಟಾ ಬರಲಿ ಎಂದು ತಡೆಯುವ ಬೇರೆ ಬಾಗಿಲು ಇದರಲ್ಲಿಲ್ಲ. ಗಟ್ಟಿಯೊಳಗೆ ಕೂತ ತೋಟಾದ ಉದ್ದವೇ ಮುಂದಿನದಕ್ಕೆ ತಡೆ. ತೋಟಾ ಗಿಡ್ಡವಾದರೆ ಮ್ಯಾಗಜಿನ್ನಿನ ಮುಂದಿನ ತೋಟಾದ ರಿಮ್ ಗಟ್ಟಿಯೊಳಕ್ಕೆ ನುಗ್ಗುತ್ತದೆ. ಉದ್ದವಾದರೆ ಇದರ ಮೂತಿಯೇ ಮ್ಯಾಗಜಿನ್ನಿನಲ್ಲಿ ಉಳಿಯುತ್ತದೆ. ಎರಡರಲ್ಲೂ ಗಟ್ಟಿ ಮೇಲೇಳದು. ಗಟ್ಟಿ ಏಳದಿದ್ದರೆ ಖಾಲಿ ಕೇಸು ಹೊರಗೆ ಬೀಳದು. ಹೀಗೆ ಮುಂದಿನ ತೋಟಾದ ತಪ್ಪಿಗೆ ಹಿಂದಿನ ಕೇಸು ಸಿಕ್ಕಿಬೀಳುತ್ತದೆ, ದೂರು ಮಾತ್ರ ಎಕ್ಸ್‌ಟ್ರಾಕ್ಟರಿನ ಮೇಲೆ.

ಸಿಕ್ಕಿಕೊಂಡಾಗ ಲಿವರಿನ ಮೇಲೆ ಜೋರು ಮಾಡಬಾರದು. ಬಾಗುವುದು ಕ್ಯಾರಿಯರಿನ ತೋಳು. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಬಲಬದಿಯ ತೋಟಾ ತುಂಬುವ ಕಿಂಡಿಯಿಂದ ಮರದ ತೆಳು ಕಡ್ಡಿ ಹಾಕಿ ಗಟ್ಟಿಯಲ್ಲಿರುವ ತೋಟಾವನ್ನು ಮುಂದಕ್ಕೆ ಒತ್ತಬೇಕು. ಒಳನುಗ್ಗಿದ ರಿಮ್ ಮ್ಯಾಗಜಿನ್ನಿಗೆ ಹಿಂತಿರುಗಿದ ಕೂಡಲೇ ಲಿವರ್ ಸಡಿಲವಾಗುತ್ತದೆ. ಕಬ್ಬಿಣದ ಸ್ಕ್ರೂಡ್ರೈವರಿನಿಂದ ತಿವಿಯುವವರು ತಾವು ತಿವಿಯುತ್ತಿರುವುದು ತೋಟಾದ ತಳದ ಪ್ರೈಮರಿಗೆ (ಪೆಟ್ಟು ಬಿದ್ದರೆ ಕಿಡಿ ಹಾರಿಸುವ ಬಟ್ಟಲಿಗೆ) ಎಂಬುದನ್ನು ನೆನಪಿಡಬೇಕು.

ಇದೇ ಕಾರಣಕ್ಕೆ, ರೈಫಲ್ ಪರೀಕ್ಷಿಸಲೆಂದು ಖಾಲಿ ಕೇಸುಗಳನ್ನೇ ಮ್ಯಾಗಜಿನ್ನಿಗೆ ತುಂಬುವುದು ಅರ್ಥವಿಲ್ಲದ ಕೆಲಸ. 33 ಮಿ.ಮೀ. ಕೇಸಿನ ಮುಂದೆ 7 ಮಿ.ಮೀ. ಜಾಗ ಖಾಲಿ ಇರುತ್ತದೆ, ಎರಡನೆಯದು ಅಲ್ಲಿಗೆ ತಲೆ ಹಾಕುತ್ತದೆ. ಚೆನ್ನಾಗಿರುವ ರೈಫಲ್ ಕೂಡ ಕೆಟ್ಟದ್ದೆನಿಸಿಕೊಳ್ಳುತ್ತದೆ.

ಕೇಸಿನ ಆಕಾರದ ಬಗ್ಗೆಯೂ ಒಂದು ಮಾತು. .44-40ರ ಕೇಸು ಕುತ್ತಿಗೆಯಲ್ಲಿ ಕೊಂಚ ಸಣ್ಣ, ಅಲ್ಲಿನ ಹಿತ್ತಾಳೆ ಬಹಳ ತೆಳು: ಸುಮಾರು 0.18 ಮಿ.ಮೀ. ಹಾರಿಸಿದ ಕ್ಷಣದಲ್ಲಿ ಅದು ಉಬ್ಬಿ ಚೇಂಬರಿಗೆ ಅಂಟಿಕೊಂಡು ಹೊಗೆಗೆ ಹಿಂದೆ ಬರಲು ದಾರಿ ಬಿಡುವುದಿಲ್ಲ. ಕರಿಮದ್ದಿನ ಕಿಟ್ಟ ನಳಿಗೆಯಲ್ಲೇ ಉಳಿಯುತ್ತದೆ, ಕ್ಯಾರಿಯರ್ ಸ್ವಚ್ಛವಾಗಿರುತ್ತದೆ. ಮೂಲ 1873ರಲ್ಲಿ .45 ಕೋಲ್ಟ್ ತೋಟಾಕ್ಕೆ ಚೇಂಬರ್ ಇರಲೇ ಇಲ್ಲ. ಈಗಿನ ಇಟಲಿಯ ಉಬರ್ಟಿ ಪ್ರತಿಕೃತಿಗಳಲ್ಲಿ ಅದು ಇದೆ, ಮಾರಾಟವೂ ಚೆನ್ನಾಗಿಯೇ ಇದೆ. ಆದರೆ ಅದರ ನೇರ ಗೋಡೆಯ ಕೇಸು ಬಾಯಲ್ಲಿ ದಪ್ಪ, ಹಗುರ ಮದ್ದಿಗೆ ಸರಿಯಾಗಿ ಉಬ್ಬದು. ಹೊಗೆ ಪಕ್ಕದಿಂದ ಹಿಂದಕ್ಕೆ ಹಾದು ಗಟ್ಟಿ ಏರುವ ತೋಡಿಗೆ ಮಸಿ ಮೆತ್ತುತ್ತದೆ. ಕರಿಮದ್ದಿನಿಂದಲೇ ಹಾರಿಸುವವರು .45ರ ಹುಚ್ಚು ಬಿಟ್ಟು .44-40 ಕೊಳ್ಳುವುದು ಒಳ್ಳೆಯದು. .45 ಈಗಾಗಲೇ ಮನೆಯಲ್ಲಿದ್ದರೆ ಕೇಸಿನ ಬಾಯಿಯನ್ನು ಕಾಯಿಸಿ ಮೆದು ಮಾಡಿದಲ್ಲಿ ಸೋರಿಕೆ ತಗ್ಗುತ್ತದೆ. ಬಾಯಿಯನ್ನು ಮಾತ್ರ, ತಳ ಮೆದುವಾದರೆ ಆ ಕೇಸು ಗುಜರಿಗೆ.

ಏನೇನು ಕೆಡುತ್ತದೆ

ಮೊದಲನೆಯದು ಕಿಟ್ಟ. ಹಿತ್ತಾಳೆ ಗಟ್ಟಿ ಲಂಬವಾದ ತೋಡಿನಲ್ಲಿ ತೀರ ಕಡಿಮೆ ಸಂದಿನಲ್ಲಿ ಏರಿಳಿಯುತ್ತದೆ. ಕರಿಮದ್ದಿನ ಶೇಷ ಗಾಳಿಯ ತೇವವನ್ನು ಹೀರಿ ಅಂಟಾಗುತ್ತದೆ. ಒಣಹವೆಯಲ್ಲಿ ಅದೇ ಶೇಷ ಗಡುಸಾಗಿ ಹಕ್ಕಳೆಗಟ್ಟುತ್ತದೆ. ಲಕ್ಷಣ ಸ್ಪಷ್ಟ: ಬೆಳಗ್ಗೆ ಮೇಲೆ ಹಾರುತ್ತಿದ್ದ ಕೇಸು ಬರಬರುತ್ತಾ ಹೊರಳಿ ಬೀಳತೊಡಗುತ್ತದೆ, ಆಮೇಲೆ ಮಲಗಿಯೇ ಬಿಡುತ್ತದೆ. ಲಿವರಿನ ಕೊನೆಯಲ್ಲಿ ಕೈಗೆ ಭಾರ ತಿಳಿಯುತ್ತದೆ. ಗಟ್ಟಿಯ ಎರಡು ಬದಿಗೂ ಎರಡೆರಡು ಹನಿ ನೀರು ಬಿಟ್ಟು ಆರೇಳು ಸಲ ಲಿವರ್ ಆಡಿಸಿದರೆ ಅಂದಿನ ಮಟ್ಟಿಗೆ ಸರಿಹೋಗುತ್ತದೆ. ರೈಫಲ್ ಪೂರ್ತಿ ಖಾಲಿ ಇದೆ ಎಂದು ನೋಡಿಕೊಂಡೇ ಇದನ್ನು ಮಾಡಬೇಕು. ಸಾಧಾರಣ ಯಂತ್ರದ ಎಣ್ಣೆ ಸುರಿದರೆ ಕರಿಮದ್ದಿನ ಕಿಟ್ಟದ ಜೊತೆ ಸೇರಿ ಡಾಂಬರಿನಂತಾಗುತ್ತದೆ. ಸಸ್ಯದ ಎಣ್ಣೆಗೆ ಜೇನುಮೇಣ ಸೇರಿಸಿದ ಮೆತ್ತಗಿನ ಜಿಡ್ಡು ಇದಕ್ಕೆ ಒಗ್ಗುತ್ತದೆ.

ಎರಡನೆಯದು ಚೇಂಬರಿನ ಗುಳಿಗಳು. ಹಿಂದಿನ ಮಾಲೀಕರು ತೊಳೆಯದೆ ಇಟ್ಟ ರೈಫಲ್‌ಗಳಲ್ಲಿ ತುಕ್ಕು ತಿಂದ ಚುಕ್ಕೆಗಳಿರುತ್ತವೆ. ತೆಳು ಹಿತ್ತಾಳೆ ಆ ಗುಳಿಗಳೊಳಗೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಟಾಗಲ್ ಎಳೆಯುವ ಬಲಕ್ಕೆ ಕೊಕ್ಕೆ ರಿಮ್ಮನ್ನು ಹರಿದುಕೊಂಡು ಬರುತ್ತದೆ, ಕೇಸು ಒಳಗೇ ಉಳಿಯುತ್ತದೆ. ನಳಿಗೆಯ ಬಾಯಿಯ ಕಡೆಯಿಂದ ಸರಳು ಹಾಕಿ ತಟ್ಟಿ ತೆಗೆಯಬಹುದು, ಆದರೆ ಇದು ಮರಳಿ ಮರಳಿ ಬರುವ ಕಾಯಿಲೆ. ಇದಕ್ಕೆ ಹೊಸ ಎಕ್ಸ್‌ಟ್ರಾಕ್ಟರ್ ಹಾಕಿಸುವುದು ಹಲ್ಲುನೋವಿಗೆ ಕನ್ನಡಕ ಕೊಟ್ಟಂತೆ. ಚೇಂಬರಿಗೆ ಒಳಕೊಳವೆ (ಲೈನರ್) ಹಾಕಿಸಬೇಕು, ಇಲ್ಲವೇ ಗೋಡೆಗೆ ತೂಗುಹಾಕಬೇಕು.

ಮೂರನೆಯದು ಸ್ಪ್ರಿಂಗ್. ಕೆಳಗಿನ ಭಾಗದಲ್ಲಿ ಎರಡು ಪಟ್ಟಿ ಸ್ಪ್ರಿಂಗುಗಳಿವೆ: ಒಂದು ಲಿವರಿಗೆ, ಇನ್ನೊಂದು ಕ್ಯಾರಿಯರಿನ ತೋಳಿಗೆ. ಎರಡನೆಯದು ಮುರಿದರೆ ಗಟ್ಟಿ ಮೇಲೆ ನಿಲ್ಲದೆ ಜೋಲುತ್ತದೆ. ಹೊಸ ತೋಟಾ ಚೇಂಬರಿನ ಎತ್ತರದಲ್ಲಿ ನಿಲ್ಲುವುದಿಲ್ಲ. ಅದರ ಸ್ಕ್ರೂ ಸಡಿಲವಾದರೂ ಇದೇ ಲಕ್ಷಣ. ಆದ್ದರಿಂದ ಸ್ಪ್ರಿಂಗ್ ತರಿಸುವ ಮೊದಲು ಸ್ಕ್ರೂ ತಿರುಗಿಸಿ ನೋಡಬೇಕು.

ಲಿವರ್ ಮತ್ತು ತೋಳು ಒಂದಕ್ಕೊಂದು ತಾಗುವ ಜಾಗ ಸವೆದಿದ್ದರೆ ಗಟ್ಟಿ ತಡವಾಗಿ ಏಳುತ್ತದೆ, ಪೂರ್ತಿ ಏಳುವುದೂ ಇಲ್ಲ. ಶತಮಾನಕ್ಕೂ ಹೆಚ್ಚು ದುಡಿದ ರೈಫಲಿನಲ್ಲಿ ಇದು ಸಹಜ. ಆ ಜಾಗಕ್ಕೆ ಲೋಹ ತುಂಬಿಸಿ ಅಳತೆಗೆ ತಂದುಕೊಳ್ಳಬಲ್ಲ ಕೈ ಬೇಕು. ಕೊಕ್ಕೆ ಮೊಂಡಾಗುವುದು ಪಟ್ಟಿಯಲ್ಲಿ ಕೊನೆಗೆ ಬರುತ್ತದೆ.

ಬಿಚ್ಚುವಾಗ ಎಚ್ಚರ: ಎರಡು ಪಕ್ಕದ ತಗಡುಗಳನ್ನು ಹಿಡಿದಿರುವುದು ಅಡ್ಡವಾಗಿ ಹಾದುಹೋದ ಒಂದೇ ಸ್ಕ್ರೂ. ಅದನ್ನು ನಾಲ್ಕೈದು ಸುತ್ತು ಮಾತ್ರ ಬಿಚ್ಚಿ, ತಲೆಯ ಮೇಲೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಎದುರಿನ ತಗಡು ತಾನಾಗಿ ಮೇಲೇಳುತ್ತದೆ. ಅಂಚಿಗೆ ಸ್ಕ್ರೂಡ್ರೈವರ್ ಹಾಕಿ ಎಬ್ಬಿದರೆ ಆ ಗಾಯ ರೈಫಲಿನ ಬೆಲೆಯನ್ನೇ ಕಚ್ಚುತ್ತದೆ. ಕೊಂಡಿಗಳು ಕೈಗೆ ಬರುತ್ತವೆ, ಎಡ ಬಲ ಅದಲುಬದಲಾಗದಂತೆ ಗುರುತು ಮಾಡಿಕೊಳ್ಳಬೇಕು. ಕ್ಯಾರಿಯರನ್ನು ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಕೈಯಿಂದಲೇ ತೋಡಿನಲ್ಲಿ ಏರಿಸಿ ಇಳಿಸಿ ನೋಡಬೇಕು. ತನ್ನ ತೂಕಕ್ಕೆ ತಾನೇ ಜಾರಿ ಇಳಿದರೆ ಸರಿ. ಇಳಿಯದಿದ್ದರೆ ತೋಡಿನ ಮೂಲೆಯಲ್ಲಿ ಇನ್ನೂ ಕಿಟ್ಟ ಇದೆ. ಅರ (ಫೈಲ್) ಮುಟ್ಟಬಾರದು.

ಕೊಳ್ಳುವ ಮೊದಲು

ಮದ್ದು, ಪ್ರೈಮರ್ ಎರಡೂ ಇಲ್ಲದ, 40.4 ಮಿ.ಮೀ. ಉದ್ದದ, ಚಪ್ಪಟೆ ಮೂತಿಯ ಐದು ಡಮ್ಮಿ ತೋಟಾ ಜೇಬಿನಲ್ಲಿರಲಿ. ರೈಫಲ್ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಂಡು ಕಿಂಡಿಯಿಂದ ತುಂಬಿ, ಮೊದಲು ನಿಧಾನ, ಆಮೇಲೆ ಸಹಜ ವೇಗ, ಆಮೇಲೆ ರಭಸ. ಇಡೀ ತೋಟಾ ಖಾಲಿ ಕೇಸಿಗಿಂತ 7 ಮಿ.ಮೀ. ಉದ್ದ, ಅದು ಸರಾಗವಾಗಿ ಹೊರಬಿದ್ದರೆ ಕೇಸಿನ ಚಿಂತೆ ಬೇಡ. ಇದಾದ ಮೇಲೆ ಬೋಲ್ಟಿನ ಮುಖಕ್ಕೆ ಒಂದು ಖಾಲಿ ಕೇಸಿನ ರಿಮ್ ಸಿಕ್ಕಿಸಿ ರೈಫಲನ್ನು ಸ್ವಲ್ಪ ಅಲುಗಿಸಿ ನೋಡಬೇಕು: ಕೊಕ್ಕೆ ಅದನ್ನು ಹಿಡಿದಿಟ್ಟುಕೊಳ್ಳಬೇಕು, ಆದರೆ ಬೆರಳಲ್ಲಿ ಎತ್ತಿದರೆ ಬಿಡಬೇಕು. ಬಿಡದಷ್ಟು ಬಿಗಿಯೂ ಒಳ್ಳೆಯದಲ್ಲ, ಗಟ್ಟಿಯ ಗುದ್ದೆಲ್ಲ ಅದನ್ನು ಬಿಡಿಸುವುದರಲ್ಲೇ ಮುಗಿಯುತ್ತದೆ.

ಹಾರಿಸಲು ಅವಕಾಶ ಸಿಕ್ಕರೆ ಕೇಸನ್ನು ಓದಬೇಕು. ರಿಮ್ಮಿನ ಮೇಲೆ ಹರಿದ ಕಚ್ಚು ಇದ್ದರೆ ಚೇಂಬರ್ ಒರಟು. ಮೈಯುದ್ದ ಮಸಿ ಇದ್ದರೆ ಮದ್ದು ಹಗುರ ಅಥವಾ ಹಿತ್ತಾಳೆ ಗಡುಸು. ನಡುವೆ ಸಣ್ಣ ತಗ್ಗು ಇದ್ದರೆ ಹೊರಬರುವಾಗ ಅಂಚಿಗೆ ತಾಗಿದೆ, ಪರವಾಗಿಲ್ಲ. ತಳಕ್ಕಿಂತ ಕೊಂಚ ಮೇಲೆ ಸುತ್ತಲೂ ಹೊಳೆಯುವ ಉಂಗುರ ಕಂಡರೆ ಮಾತ್ರ ಅಲ್ಲಿಗೇ ನಿಲ್ಲಿಸಬೇಕು: ಕೇಸು ಎಳೆಯಲ್ಪಟ್ಟು ಎರಡಾಗುವ ಹಂತದಲ್ಲಿದೆ, ಟಾಗಲ್ ಪಿನ್ನುಗಳು ಸವೆದಿರಬಹುದು. ಈ ಟಾಗಲ್ ಬಲವಾದ ಬೀಗವಲ್ಲ. ಅದು ಹುಟ್ಟಿದ್ದು 40 ಗ್ರೇನ್ ಕರಿಮದ್ದು, 200 ಗ್ರೇನ್ ಸೀಸದ ತೋಟಾಕ್ಕೆ, ಅಂದರೆ 2.6 ಗ್ರಾಂ ಮದ್ದು, 13 ಗ್ರಾಂ ಗುಂಡು. ಅದಕ್ಕಿಂತ ಹೆಚ್ಚಿನ ಒತ್ತಡದ ತೋಟಾ ಈ ರೈಫಲಿಗೆ ಸಲ್ಲದು.

ಇತರ ರೈಫಲ್‌ಗಳ ಎದುರು

1892ರ ವಿಂಚೆಸ್ಟರ್ ಜಾನ್ ಬ್ರೌನಿಂಗ್ ವಿನ್ಯಾಸ. ಅದರ ಬೋಲ್ಟಿನಲ್ಲಿ ಸ್ಪ್ರಿಂಗಿನ ಎಜೆಕ್ಟರ್ ಇದೆ. ಕೇಸಿನ ಬಾಯಿ ಚೇಂಬರಿನಿಂದ ಬಿಡುಗಡೆಯಾದ ಕೂಡಲೇ ಅದು ತಳ್ಳುತ್ತದೆ, ಕೈ ಎಷ್ಟೇ ನಿಧಾನವಿದ್ದರೂ ಎಸೆತ ಖಚಿತ. ಬೀಗವೂ ಎಷ್ಟೋ ಗಟ್ಟಿ. ಈಗಿನ ಕೆಲವು ಪ್ರತಿಕೃತಿಗಳಲ್ಲಿ ಆ ಸ್ಪ್ರಿಂಗ್ ಎಷ್ಟು ಬಿರುಸೆಂದರೆ ಕೇಸು ಹುಡುಕಲು ನಡೆದುಹೋಗಬೇಕು, ಜನ ಅದರ ಸುರುಳಿ ಕತ್ತರಿಸಿ ಪಳಗಿಸುತ್ತಾರೆ. 1889ರಿಂದಾಚೆಗಿನ ಮಾರ್ಲಿನ್‌ಗಳಲ್ಲಿ ಮೇಲ್ಭಾಗ ಮುಚ್ಚಿದೆ. ಎಡಗೋಡೆಯ ಎಜೆಕ್ಟರಿಗೆ ತಳ ತಾಗಿ ಕೇಸು ಬಲಕ್ಕೆ ಹಾರುತ್ತದೆ. ಮಳೆ, ಕಸ ಒಳಗೆ ಬೀಳದು, ಮೇಲೆ ದುರ್ಬೀನು ಕೂರಿಸಬಹುದು. ಎಡಗೈಯವರಿಗೆ ಮಾತ್ರ ಅದು ಎದುರಿಗೇ ಹಾದುಹೋಗುತ್ತದೆ, ನೇರ ಮೇಲೆ ಎಸೆಯುವ 1873 ಅವರಿಗೆ ಹಿತ.

ಇವೆರಡರ ಎದುರು 1873ರ ಗುಣ ಒಂದೇ: ಕೇಸಿನ ದಾರಿಯಲ್ಲಿ ಮುರಿಯಬಲ್ಲ ಚೂರುಪಾರು ಭಾಗ ಕಡಿಮೆ. ತೋಟಾ ಮೇಲೆ ಕೆಳಗೆ ನೇರವಾಗಿ ಚಲಿಸುವುದರಿಂದ ರೈಫಲನ್ನು ಯಾವ ಕೋನಕ್ಕೆ ತಿರುಗಿಸಿದರೂ ಹೊಸ ತೋಟಾ ದಾರಿ ತಪ್ಪದು. ವೇಗದ ಸ್ಪರ್ಧೆಯವರು ಇದನ್ನೇ ಹುಡುಕಿಕೊಂಡು ಹೋಗುವುದು ಅದಕ್ಕೇ. ಅವರು ಲಿವರಿನ ದಾರಿ ಗಿಡ್ಡ ಮಾಡುವ ಕೊಂಡಿಗಳನ್ನೂ ಹಿತ್ತಾಳೆಯ ಬದಲು ಅಲ್ಯುಮಿನಿಯಂ ಗಟ್ಟಿಯನ್ನೂ ಹಾಕಿಸುತ್ತಾರೆ. ಬೋಲ್ಟಿನ ದಾರಿ ಅಷ್ಟೇ ಉಳಿದು ಲಿವರಿನ ದಾರಿ ಕಡಿಮೆಯಾದರೆ ಎಳೆಯುವ ಅನುಕೂಲ ಅಷ್ಟು ಕಡಿಮೆ. ಒರಟು ಚೇಂಬರಿನ ರೈಫಲಿಗೆ ಆ ಕೊಂಡಿ ಹಾಕಿಸಿದರೆ ಮೊದಲ ಕೇಸಿಗೇ ಕೈಗೆ ಗೊತ್ತಾಗುತ್ತದೆ. ಪ್ರತಿಕೃತಿಗೆ ಏನು ಬೇಕಾದರೂ ಮಾಡಿಕೊಳ್ಳಲಿ. ಮೂಲ 1873ರ ಒಳಗೆ ಕೈಯಿಡಬಾರದು, ತೆಗೆದ ಹಳೆಯ ಕೊಂಡಿಗಳನ್ನು ಪೊಟ್ಟಣ ಕಟ್ಟಿ ಇಡುತ್ತೇವೆಂದರೂ.

ಹಾರಿಸುವುದಕ್ಕೇ ಕೊಳ್ಳುವವರಿಗೆ .44-40ರ ಪ್ರತಿಕೃತಿ ಸಾಕು. ಮೂಲವೇ ಬೇಕೆಂದರೆ ಹೊರಗಿನ ನೀಲಿ ಬಣ್ಣ ಅಳಿಸಿಹೋಗಿದ್ದರೂ ಚೇಂಬರ್ ನುಣುಪಾಗಿ, ಗಟ್ಟಿ ಸಡಿಲವಾಗಿ ಆಡುವ ರೈಫಲನ್ನೇ ಆರಿಸಬೇಕು. ಮಿರಮಿರ ಹೊಳೆಯುವ ಮೈ, ಗುಳಿ ಬಿದ್ದ ಚೇಂಬರ್ ಇರುವುದನ್ನು ಗಾಜಿನ ಪೆಟ್ಟಿಗೆಯಲ್ಲಿಡುವವರಿಗೆ ಬಿಟ್ಟುಕೊಡಬಹುದು.